ನಾಲ್ಕು ಸಾವಿರ ಚುಕ್ಕೆಯ ಕಾಳವ್ವ

ಕಿಟಕಿಯಲ್ಲಿ ಏನು ಕಾಣುತ್ತದೋ ಅದೇ ಮೌನೇಶಪ್ಪ ಪತ್ತಾರರಿಗೂ ಕಾಣಬೇಕು. ಪ್ರಫುಲ್ಲಾ ಹಂಚಿನಾಳಳ ಕೆಲಸವೆಂದರೆ ಇಷ್ಟೇ.

ಕಿಟಕಿಯೆಂದರೆ ಗೋಡೆಯದಲ್ಲ. ಅವಳ ಮೇಜಿನ ಕಂಪ್ಯೂಟರಿನಲ್ಲಿ ಅವಳೇ ಬರೆದ ಪ್ರೋಗ್ರಾಂ ತೆರೆಯುವ ಬೂದು ಬಣ್ಣದ ಚೌಕ. ಮೇಲೆ ಮೂರು ಗುಂಡಿಗಳು: ತೆರೆ, ತೋರಿಸು, ಮುಚ್ಚು. ಫೋಟೋ ಒಂದನ್ನು ಆರಿಸಿ ಕೊಟ್ಟರೆ ಪ್ರೋಗ್ರಾಂ ಅದರ ಬಣ್ಣ ಕಳೆದು, ಅಗಲಕ್ಕೆ ಅರವತ್ನಾಲ್ಕು ಎತ್ತರಕ್ಕೆ ಅರವತ್ನಾಲ್ಕು ಚುಕ್ಕೆಗಳಿಗೆ ಇಳಿಸಿ, ಆ ಚೌಕದಲ್ಲಿ ತೋರಿಸುತ್ತದೆ. ಅದೇ ಕ್ಷಣ, ಗಾಜಿನ ಗೋಡೆಯ ಆಚೆ ಕುಳಿತ ಮನುಷ್ಯನ ತಲೆಯ ಹಿಂಭಾಗದಲ್ಲಿ, ಮಿದುಳಿಗೆ ಅಂಟಿಕೊಂಡಿರುವ ಉಗುರಗಲದ ಬಿಲ್ಲೆಯೊಂದರ ನಾಲ್ಕು ಸಾವಿರದ ತೊಂಬತ್ತಾರು ಸೂಜಿಮೊನೆಗಳು ಅಷ್ಟಷ್ಟೇ ವಿದ್ಯುತ್ತನ್ನು ಹರಿಸುತ್ತವೆ. ಫೋಟೋದಲ್ಲಿ ಬೆಳಕಿದ್ದಲ್ಲಿ ಹೆಚ್ಚು, ನೆರಳಿದ್ದಲ್ಲಿ ಕಡಿಮೆ, ಕತ್ತಲಿದ್ದಲ್ಲಿ ಇಲ್ಲವೇ ಇಲ್ಲ. ಕಣ್ಣಿನ ಹಂಗಿಲ್ಲದೆ ಚಿತ್ರ ಕಾಣುತ್ತದೆ.

ಕಾಣುತ್ತದೆ ಎಂದು ಡಾಕ್ಟರ್ ದೇಸಾಯಿಯವರು ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದರು. ಹುಬ್ಬಳ್ಳಿಯ ಅಂಚಿನಲ್ಲಿದ್ದ ಆ ದೃಷ್ಟಿ ಸಂಶೋಧನಾ ಕೇಂದ್ರದಲ್ಲಿ ಈ ಬಿಲ್ಲೆ ಹಾಕಿಸಿಕೊಂಡ ಮೊದಲ ಮನುಷ್ಯ ಮೌನೇಶಪ್ಪ. ಗದಗಿನ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಆಫ್‌ಸೆಟ್ ಮಷೀನು ಓಡಿಸಿದವರು. ಮಷೀನು ತೊಳೆಯುವ ಎಣ್ಣೆಗೆ ಕಿಡಿ ತಗುಲಿ ಎರಡೂ ಕಣ್ಣು ಹೋಗಿ ಹನ್ನೊಂದು ವರ್ಷ.

ಸೋಮವಾರ ಮೊದಲ ದೊಡ್ಡ ಪರೀಕ್ಷೆ. ಅಲ್ಲಿಯವರೆಗೆ ಗೆರೆ, ಗುಂಡು, ತಂಬಿಗೆ ಇಂಥವನ್ನು ಎರಡೆರಡು ಸೆಕೆಂಡು ಮಿನುಗಿಸಿ ತೋರಿಸಿದ್ದಷ್ಟೇ. ಅವತ್ತು ಮೊದಲ ಸಲ ಒಂದು ಚಿತ್ರವನ್ನು ನಿಲ್ಲಿಸಿ ತೋರಿಸುವುದಿತ್ತು. ಮೌನೇಶಪ್ಪ ಕೇಳಿದ್ದು ಹೆಂಡತಿಯ ಮುಖ. ಪ್ರಫುಲ್ಲಾ ಕಾಳವ್ವನವರನ್ನು ಕಾರಿಡಾರಿನ ಗೋಡೆಗೆ ನಿಲ್ಲಿಸಿ, ಮೊಬೈಲಿನ ಫ್ಲ್ಯಾಶು ಹೊಡೆದು ಫೋಟೋ ತೆಗೆದುಕೊಂಡು ಬಂದಿದ್ದಳು.

“ಏನರ ಕಾಣ್ತದೇನ್ರಿ?” ದೇಸಾಯಿ ಮೈಕಿನಲ್ಲಿ ಕೇಳಿದರು.

“ಡಾಟ್ ಕಾಣಾಕತ್ತಾವ್ರಿ ಸರ. ಪೇಪರಿನ ಫೋಟೋನ ಭೂತಗನ್ನಡಿ ಹಿಡದು ನೋಡಿದಂಗ. ತಡೀರಿ… ಇದು ಹಣಿ. ಇದು ಮೂಗು. ಮೂಗುಬಟ್ಟು!” ಮೌನೇಶಪ್ಪ ಕುರ್ಚಿಯ ತುದಿಗೆ ಸರಿದರು. “ಏ ಕಾಳವ್ವ, ಇಷ್ಟ್ಯಾಕ ಬೆಳ್ಳಗಾಗೇತಿ ನಿನ್ನ ತಲಿ?”

“ಹನ್ನೊಂದು ವರ್ಷ ನಿಮ್ಮ ಕೈ ಹಿಡದು ರಸ್ತಾ ದಾಟಸೀನಿ. ಬೆಳ್ಳಗಾಗದ ಕರ್ರಗಾಕ್ಕೈತೇನು?” ಪಕ್ಕದಲ್ಲಿ ಕುಳಿತಿದ್ದ ಕಾಳವ್ವ ಅಂದರು. ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೌನೇಶಪ್ಪ ನಕ್ಕರು. ನಗುತ್ತಿದ್ದ ಹಾಗೆಯೇ ಅವರ ಮುಖ ಕಳೆಗೆಟ್ಟಿತು.

“ಹೋತು! ಸರ, ಹೋತು! ಕಾಳವ್ವ, ಎಲ್ಲಿ ಹೋದಿ?”

“ನಾ ಎಲ್ಲಿ ಹೋಗ್ಲಿ? ಇಲ್ಲೇ ಅದೀನಲ್ಲ!”

ಮೌನೇಶಪ್ಪ ಗಾಳಿಯಲ್ಲಿ ಕೈಯಾಡಿಸುವುದನ್ನು ಗಾಜಿನ ಈಚೆಯಿಂದ ನೋಡಿದ ಪ್ರಫುಲ್ಲಾ ತೆರೆಯತ್ತ ತಿರುಗಿದಳು. ಅವಳ ಕಿಟಕಿಯೂ ಖಾಲಿಯಾಗಿತ್ತು. ಬೂದು ಚೌಕ ಬಿಟ್ಟರೆ ಏನಿಲ್ಲ.

ತಪ್ಪು ಯಾವುದೆಂದು ತಕ್ಷಣ ಗೊತ್ತಾಯಿತು. ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಒಮ್ಮೆ ಮಾಡುವ ತಪ್ಪು ಅದು. ಪ್ರತಿ ಪ್ರೋಗ್ರಾಮಿನ ಬೆನ್ನಿಗೂ ಒಂದು ಕಸಬರಿಗೆ ಓಡಾಡುತ್ತಿರುತ್ತದೆ. ಯಾರೂ ಹಿಡಿದುಕೊಂಡಿರದ ವಸ್ತು ಕಂಡರೆ ಬೇಡವಾದದ್ದೆಂದು ತಿಳಿದು ಗುಡಿಸಿ ಹಾಕುತ್ತದೆ. ಚಿತ್ರವನ್ನು ಕಿಟಕಿಯಲ್ಲಿ ತೋರಿಸಿದ ಮಾತ್ರಕ್ಕೆ ಕಿಟಕಿ ಅದನ್ನು ಹಿಡಿದುಕೊಂಡಂತಲ್ಲ. ಅದನ್ನು ಹಿಡಿದುಕೋ ಎಂದು ಬೇರೆಯಾಗಿ ಹೇಳಬೇಕು. ಅವಳು ಹೇಳಿರಲಿಲ್ಲ. ಹದಿನಾಲ್ಕು ವರ್ಷ ಅನುಭವವಿದ್ದವಳು!

“ಎರಡು ನಿಮಿಷ ಸರ್,” ಎಂದು ಒಂದು ಸಾಲು ಬರೆದಳು: ಬಂದ ಚಿತ್ರವನ್ನು ಹಿಡಿದುಕೋ. ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕಿತ್ತು: ಮುಚ್ಚಿದಾಗ ಅದನ್ನು ಬಿಟ್ಟುಬಿಡು. ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಮಗಳ ಶಾಲೆಯಿಂದ ಫೋನು. ಮೇದಿನಿಗೆ ಮೈ ಕೆಂಡದಂತೆ ಸುಡುತ್ತಿದೆ, ಈಗಿಂದೀಗ ಬಂದು ಕರೆದೊಯ್ಯಿರಿ. ಗಂಡ ರೈಲ್ವೆ ಗಾರ್ಡು. ಅವತ್ತು ಮೀರಜಿನ ಕಡೆ ಡ್ಯೂಟಿ. ಹೋಗಬೇಕಾದವಳು ಅವಳೇ.

ಫೋನನ್ನು ಭುಜಕ್ಕೊತ್ತಿಕೊಂಡೇ ‘ತೋರಿಸು’ ಒತ್ತಿದಳು. ಆಚೆ ಕಡೆ ಮೌನೇಶಪ್ಪ ಮತ್ತೆ ಕೂಗಿದರು, “ಬಂತು!” ಈ ಸಲ ಮುಖ ನಿಂತಿತು. ಒಂದು ನಿಮಿಷ, ಐದು ನಿಮಿಷ. ದೇಸಾಯಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರಫುಲ್ಲಾ ಹೊಸ ಸಾಲನ್ನು ಮೌನೇಶಪ್ಪನವರ ಸೊಂಟದ ಪೆಟ್ಟಿಗೆಗೂ ಕಳಿಸಿದಳು. ಬಿಲ್ಲೆಗೆ ವಿದ್ಯುತ್ತು ಕೊಡುವುದು ಆ ಪೆಟ್ಟಿಗೆಯೇ. ಮೂರ್ಛೆಯ ಸೆಳೆತ ಬರದಂತೆ ಕಾಯುವುದೂ ಅದೇ, ಹಾಗಾಗಿ ಆರು ವಾರ ಅದನ್ನು ಆರಿಸುವಂತಿರಲಿಲ್ಲ. ಆಮೇಲೆ ಅವಳು ‘ಮುಚ್ಚು’ ಒತ್ತಿದಳು. ಕಿಟಕಿ ಮುಚ್ಚಿತು. ತೆರೆಯ ಮೇಲೆ ಮುಖ ಹೋಯಿತು. ಅಲ್ಲಿ ಹೋಯಿತೆಂದರೆ ಎಲ್ಲ ಕಡೆಯೂ ಹೋಯಿತೆಂದುಕೊಂಡು ಪರ್ಸು ಎತ್ತಿಕೊಂಡು ಓಡಿದಳು.

ಮಂಗಳವಾರ ರಜೆ. ಒದ್ದೆ ಬಟ್ಟೆ, ಗಂಜಿ, ಥರ್ಮಾಮೀಟರು. ಮೇದಿನಿ ಮಲಗಿದಲ್ಲೇ ಟ್ಯೂಬ್‌ಲೈಟನ್ನು ದಿಟ್ಟಿಸಿ, ಕಣ್ಣು ಮುಚ್ಚಿ, ಮತ್ತೆ ತೆರೆದು ಆಡುತ್ತಿದ್ದಳು.

“ಅಮ್ಮಾ, ಕಣ್ಣು ಮುಚ್ಚಿದ್ರೂ ಲೈಟು ಹೋಗವಲ್ದು.”

“ಹೋಗ್ತದ. ಹತ್ತು ಎಣಸು.”

“ಎಣಸಿದೆ. ಹೋಗವಲ್ದು ಅಂದ್ರ!”

“ಜ್ವರದಾಗ ಲೈಟು ನೋಡ್ತಾರೇನು? ಮಕ್ಕೋ ಸುಮ್ನ.”

ಕುಕ್ಕರು ಕೂಗಿತೆಂದು ಅಡುಗೆಮನೆಗೆ ಹೋದಳು. ಹೋಗಿ ಯಾಕೆ ಬಂದೆನೆಂದು ಮರೆತು ನಿಂತಳು. ಎಲ್ಲೋ ಏನೋ ಅರ್ಧಕ್ಕೆ ಬಿಟ್ಟು ಬಂದ ಹಾಗೆ ಬೆಳಗಿನಿಂದ ಮನಸ್ಸು ಕಡಿಯುತ್ತಿತ್ತು. ನಲ್ಲಿ ನೋಡಿದಳು, ಗ್ಯಾಸು ನೋಡಿದಳು, ಬಾಗಿಲ ಚಿಲಕವನ್ನೂ ನೋಡಿದಳು. ಎಲ್ಲ ಸರಿಯಿತ್ತು. ಮಧ್ಯಾಹ್ನ ದೇಸಾಯಿಯವರ ಫೋನು ಬಂತು.

“ಪ್ರಫುಲ್ಲಾ, ಇವತ್ತಿನ ಪರೀಕ್ಷಾ ಪೂರ್ತಿ ಹಾಳಾತು. ತಂಬಿಗಿ ತೋರ್ಸಿದ್ರ ಬಾಗಲಾ ಅಂತಾರ, ಬಾಗಲಾ ತೋರ್ಸಿದ್ರ ಗೊತ್ತಿಲ್ಲ ಅಂತಾರ. ಹೋದ ವಾರ ಹತ್ತಕ್ಕ ಒಂಬತ್ತು ಹೇಳ್ತಿದ್ರು, ಇವತ್ತ ಎರಡು. ಶುಕ್ರವಾರ ಕ್ಯಾಮೆರಾ ಹಚ್ಚೋದದ. ನಡದಾಡೋ ಮನಷ್ಯಾರನ್ನ ತೋರ್ಸೋದದ. ಹಿಂಗಾದ್ರ ಹೆಂಗ?”

“ನಾಳೆ ಬಂದು ನೋಡ್ತೀನಿ ಸರ್.”

“ನೋಡು. ನಿದ್ದಿನೂ ಮಾಡಿಲ್ಲಂತ ಅವರು.”

ಬುಧವಾರ ಮೇದಿನಿಯನ್ನು ಎದುರುಮನೆಯವರ ಬಳಿ ಬಿಟ್ಟು ಹತ್ತು ಗಂಟೆಗೆ ಕೇಂದ್ರಕ್ಕೆ ಬಂದಳು. ಮೊದಲು ಬಿಲ್ಲೆಯ ಲೆಕ್ಕ ತೆಗೆದಳು. ಪ್ರತಿ ಸೂಜಿಮೊನೆ ಎಷ್ಟು ದಣಿದಿದೆ ಎಂಬುದಕ್ಕೆ ಒಂದೊಂದು ಅಂಕಿ. ನಾಲ್ಕು ಸಾವಿರ ಅಂಕಿಗಳ ಉದ್ದ ಪಟ್ಟಿ. ಅದರಲ್ಲಿ ಅಲ್ಲಲ್ಲಿ ಕೆಂಪು. ಕೆಲವು ಮೊನೆಗಳು ಎರಡು ದಿನದಿಂದ ಒಂದು ಕ್ಷಣವೂ ಬಿಡುವಿಲ್ಲದೆ ಉರಿದ ಹಾಗೆ ಕಾದು ಹೋಗಿದ್ದವು. ಇವೇ ಯಾಕೆ? ಬಿಲ್ಲೆ ಒಂದು ಮೂಲೆಯಲ್ಲಿ ಕೆಟ್ಟಿದ್ದರೆ ಕೆಂಪು ಒಂದೇ ಕಡೆ ಇರಬೇಕಿತ್ತು. ಇದು ಪಟ್ಟಿಯ ತುಂಬ ಚೆಲ್ಲಿತ್ತು.

ಪಟ್ಟಿ ಓದಿದರೆ ತಲೆಗೆ ಹೋಗುವುದಿಲ್ಲ, ಚಿತ್ರ ಮಾಡಿ ನೋಡೋಣ ಎಂದು ಆ ಅಂಕಿಗಳನ್ನೇ ಒಂದು ಫೈಲಿಗೆ ಸುರಿದು, ಹೆಚ್ಚು ದಣಿದದ್ದು ಬೆಳ್ಳಗೆ, ದಣಿಯದ್ದು ಕಪ್ಪಗೆ ಎಂದು ಹೇಳಿ, ಬಿಲ್ಲೆಗೆ ಕಳಿಸದೆ ತನ್ನ ಕಿಟಕಿಯಲ್ಲಷ್ಟೇ ತೆರೆದಳು.

ಕಿಟಕಿಯಿಂದ ಕಾಳವ್ವ ಅವಳನ್ನು ನೋಡಿದರು.

ನರೆತ ಬೈತಲೆ, ಫ್ಲ್ಯಾಶು ಹೊಳೆದ ಹಣೆ, ಎಲ್ಲಕ್ಕಿಂತ ಬೆಳ್ಳಗೆ ಮೂಗುಬಟ್ಟು. ಬಿಗಿದ ತುಟಿ.

ಪ್ರಫುಲ್ಲಾ ಎದ್ದು ನಿಂತಳು, ಕುಳಿತಳು, ಮತ್ತೆ ಎದ್ದಳು. ಸೋಮವಾರ ಬರೆಯದೆ ಬಿಟ್ಟ ಆ ಎರಡನೇ ಸಾಲು. ಹಿಡಿದುಕೋ ಎಂದು ಹೇಳಿದ್ದಳು, ಬಿಡು ಎಂದು ಹೇಳಿರಲಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಅದು ಕಾಣುವುದೇ ಇಲ್ಲ. ಅಲ್ಲಿ ಹೊಸ ಚಿತ್ರ ಬಂದರೆ ಹಳೆಯದರ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತದೆ. ಕಿಟಕಿ ಮುಚ್ಚಿದರೆ ಎರಡೂ ಮಾಯ. ಹದಿನಾಲ್ಕು ವರ್ಷ ತೆರೆಗಾಗಿ ಬರೆದ ಕೈ ಅದನ್ನೇ ನಂಬಿತ್ತು. ಮಿದುಳಿನಲ್ಲಿ ಮೇಲೆ ಕೆಳಗೆ ಇಲ್ಲ. ಅಲ್ಲಿ ಬೆಳಕಿಗೆ ಬೆಳಕು ಸೇರುತ್ತದೆ, ಅಷ್ಟೇ. ತಂಬಿಗೆ, ಬಾಗಿಲು ಎಲ್ಲ ಆ ಮುಖದೊಳಗೇ ಮಿನುಗಿ ಹೋಗಿದ್ದವು.

ಅವಳು ಕರೆದು ತೋರಿಸಿದಾಗ ದೇಸಾಯಿಯವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಇನ್ನೆಷ್ಟು ಹೊತ್ತು ತಡೀತಾವು ಈ ಮೊನಿ?”

“ಸಂಜೀತನಕ. ಆಮೇಲೆ ಒಂದೊಂದ ಸಾಯ್ತಾವ. ಸತ್ತಲ್ಲಿ ಮತ್ತ ಯಾವತ್ತೂ ಏನೂ ಕಾಣೂದಿಲ್ಲ. ಎಲ್ಲಿ ನೋಡಿದ್ರೂ ಆ ಆಕಾರದ ತೂತು.”

“ಹಂಗಾರ ಅಳಿಸು. ಒಂದ ಸಾಲಿನ ಕೆಲಸ ಅಲ್ಲೇನು?”

“ಅವರನ್ನ ಕೇಳಬೇಕು ಸರ್.”

“ಕೇಳೋದೇನದ? ಯಾವ ಚಿತ್ರ ತೋರಸ್ಬೇಕು, ಯಾವಾಗ ತಗೀಬೇಕು ನಾವು ನಿರ್ಧರಸ್ತೀವಿ ಅಂತ ಫಾರ್ಮಿನ್ಯಾಗ ಸಹಿ ಮಾಡ್ಯಾರ.”

ಸಾಲು ಬರೆದಿಟ್ಟಾಗಿತ್ತು. ಎಂಟರ್ ಒತ್ತಿದರೆ ಮುಗಿಯಿತು. ಅವಳು ಕೈ ಹಿಂದಕ್ಕೆ ತೆಗೆದಳು. “ಸೋಮವಾರ ಒಮ್ಮೆ ಹೇಳದ ಕೇಳದ ಕಸಗೊಂಡೀನಿ ಸರ್. ಅವರು ಗಾಳ್ಯಾಗ ಕೈಯಾಡಿಸಿದ್ದು ನೀವೂ ನೋಡೀರಿ. ಇನ್ನೊಮ್ಮೆ ನನ್ನ ಕಡೆ ಆಗೂದಿಲ್ಲ.”

“ನಾಲ್ಕು ಗಂಟೆ,” ದೇಸಾಯಿ ಗೋಡೆಯ ಗಡಿಯಾರ ನೋಡಿದರು. “ನಾಲ್ಕಕ್ಕ ನಾನ ಒತ್ತತೀನಿ.”

ಮೌನೇಶಪ್ಪ ಕೋಣೆಯ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಕಾಳವ್ವ ಚಹಾ ತರಲು ಕ್ಯಾಂಟೀನಿಗೆ ಹೋಗಿದ್ದರು.

“ಈಗ ಏನು ಕಾಣ್ತದ್ರಿ?” ಪ್ರಫುಲ್ಲಾ ಕೇಳಿದಳು.

“ಏನಿಲ್ಲ ತಂಗಿ. ಕತ್ತಲಿ.”

“ಇಲ್ಲ, ಕಾಳವ್ವಾರ ಮಾರಿ ಕಾಣಸ್ತದ ನಿಮಗ,” ಪ್ರಫುಲ್ಲಾ ಅಂದಳು.

ಮೌನೇಶಪ್ಪನವರ ಕೈ ಸೊಂಟದ ಪೆಟ್ಟಿಗೆಯ ಮೇಲೆ ಹೋಯಿತು, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ.

“ಗೊತ್ತಾತೇನು? ಸೋಮವಾರದಿಂದ ಐತ್ರಿ. ಉಣ್ಣಾಕ ಕುಂತ್ರೂ ಐತಿ, ಸಂಡಾಸಕ್ಕ ಹೋದ್ರೂ ಐತಿ. ಹೇಳಿದ್ರ ತಗದಬಿಡ್ತೀರಿ ಅಂತ ಹೇಳ್ಲಿಲ್ಲ. ತಂಬಿಗಿ, ಬಾಗಲಾ ಎಲ್ಲಾ ಅಂದಾಜಿನ್ಯಾಗ ಹೇಳಿದೆ.” ಸ್ವಲ್ಪ ನಗಲು ನೋಡಿದರು. “ಅಂದಾಜು ಭಾಳ ತಪ್ಪಿದ್ವೇನು?”

ಪ್ರಫುಲ್ಲಾ ಹೇಳಬೇಕಾದ್ದನ್ನು ಹೇಳಿದಳು. ತಪ್ಪು ತನ್ನದೆಂದಳು, ಯಾವ ಸಾಲು ಬಿಟ್ಟೆನೆಂದಳು, ಮೊನೆಗಳು ಕಾದಿವೆಯೆಂದಳು. ಮೌನೇಶಪ್ಪ ಪ್ರೆಸ್ಸಿನ ಮನುಷ್ಯ, ತಿಳಿಯಲು ಹೊತ್ತಾಗಲಿಲ್ಲ.

“ತಗದಮ್ಯಾಲ ಮತ್ತ ಬರತೈತೇನು ಈ ಮಾರಿ?”

“ಬರಬಹುದು.”

“ಬರಬಹುದು ಅಂದ್ರ?”

“ಖಾತ್ರಿ ಹೇಳಾಕ ಬರೂದಿಲ್ಲ. ಎಷ್ಟು ಮೊನಿ ಉಳದಾವ ಅಂತ ತಗದ ಮ್ಯಾಲೇ ಗೊತ್ತಾಗೋದು.”

“ಹಂಗಾರ ಇರ್ಲಿ ಬಿಡ್ರಿ.” ಅವರು ಗೋಡೆಯ ಕಡೆ ತಿರುಗಿದರು. “ನಿಮ್ಮ ಕ್ಯಾಮೆರಾ ಏನು ತೋರಸ್ತೈತೋ ಯಾರಿಗ್ಗೊತ್ತು. ಕಣ್ಣು ಹೋದ ಮೊದಲನೇ ವರ್ಷ ಆಕಿ ಮಾರಿ ನೆಪ್ಪಿತ್ತು ತಂಗಿ. ಆಮ್ಯಾಲ ಮಸಕಾತು. ಮೂಗು ನೆಪ್ಪಿದ್ರ ಕಣ್ಣು ನೆಪ್ಪಿಲ್ಲ. ಕಡೀಕ ಬರೇ ದನಿ ಉಳೀತು. ದಿನಾ ಆ ದನಿ ಕೂಡ ಸಂಸಾರ ಮಾಡೀನಿ. ಈಗ ಮಾರಿ ಸಿಕ್ಕೈತಿ. ನೀವು ಅದನ್ನ ತಗೀತೀನಿ ಅಂತೀರಿ.”

ಪ್ರಫುಲ್ಲಾಳಿಗೆ ಕೂರಲಾಗಲಿಲ್ಲ. ಕೋಣೆಯಲ್ಲಿ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ನಡೆದಳು. ಮೂರೂ ಹತ್ತಾಗಿತ್ತು. ಫ್ಲಾಸ್ಕು ಹಿಡಿದು ಕಾಳವ್ವ ಒಳಗೆ ಬಂದರು. ಇಬ್ಬರ ಮುಖ ನೋಡಿದರು.

“ಏನು ನಡದೈತಿ ಇಲ್ಲಿ? ಏನ್ರೀ, ಈ ತಂಗಿಗೆ ಏನರ ಅಂದೀರೇನು?”

ಪ್ರಫುಲ್ಲಾ ಎಲ್ಲ ಹೇಳಿದಳು. ಗಂಡ ಎರಡು ದಿನದಿಂದ ತನ್ನ ಮುಖವನ್ನೇ ನೋಡುತ್ತ ಕುಳಿತಿದ್ದಾರೆಂದು ಕೇಳಿ ಕಾಳವ್ವನವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಲೋಟ ತೆಗೆದು ಕಾರಣವಿಲ್ಲದೆ ಒರೆಸಿದರು.

“ಯಾವ ಫೋಟೋ? ಕಾರಿಡಾರಿನ್ಯಾಗ ನಿಲ್ಲಿಸಿ ತಗದ್ರಲ್ಲ, ಅದಾ? ಅಯ್ಯ ಶಿವನ! ಅದರಾಗ ನಾ ಪೊಲೀಸ್ ಸ್ಟೇಷನ್ನಿನ್ಯಾಗ ನಿಂತ ಕಳ್ಳಿ ಕಂಡಂಗ ಕಾಣ್ತೀನಿ. ಅದನ್ನ ನೋಡ್ಕೋತ ಕುಂತೀರಿ?”

“ನನಗ ಚೆಂದ ಕಾಣಸ್ತೈತಿ.”

“ನಾ ಈಗ ಮಾತಾಡಾಕತ್ತೀನಲ್ಲ. ಅದು ಬಾಯಿ ತಗೀತೈತೇನು?”

ಮೌನೇಶಪ್ಪ ತಡೆದರು. “ಇಲ್ಲ.”

“ನಿನ್ನೆ ಆ ನರ್ಸಮ್ಮನ ಮಾತಿಗೆ ನಾ ಹೊಟ್ಟಿ ಹಿಡಕೊಂಡು ನಕ್ಕೆ. ಆವಾಗ?”

“ಸುಮ್ನ ನೋಡಾಕತ್ತಿತ್ತು.” ಅವರ ದನಿ ಇಳಿಯಿತು. “ನೀ ಆಕಡೆ ಮೂಲ್ಯಾಗ ನಗಾಕತ್ತಿದ್ದಿ, ಇದು ನನ್ನ ಮುಂದ ತುಟಿ ಬಿಗದು ನೋಡಾಕತ್ತಿತ್ತು. ಹಾರ ಹಾಕಿದ ಫೋಟೋದ ಮುಂದ ಕುಂತಂಗ ಆತು ಕಾಳವ್ವ. ಕಣ್ಣು ಮುಚ್ಚೇನಂದ್ರ ಮುಚ್ಚಾಕ ಕಣ್ಣ ಎಲ್ಲೈತಿ? ರಾತ್ರಿ ನಿನ್ನ ಉಸಿರು ಕೇಳತೈತೋ ಇಲ್ಲೋ ಅಂತ ಕಿವಿಗೊಟ್ಟು ಮಲಗೀನಿ.”

ಕಾಳವ್ವ ಲೋಟ ಕೆಳಗಿಟ್ಟು ಅವರ ಪಕ್ಕ ಕುಳಿತರು. ಅವರ ಕೈಯನ್ನು ಎತ್ತಿ ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡರು. ಪ್ರಫುಲ್ಲಾ ಬಾಗಿಲ ಕಡೆ ಮುಖ ಮಾಡಿದಳು.

“ತಂಗೀ, ತಗದಬಿಡ್ರಿ,” ಕಾಳವ್ವ ಅಂದರು.

“ಅವರು ಹೇಳಬೇಕ್ರಿ.”

ಗಡಿಯಾರದಲ್ಲಿ ಮೂರೂ ಮುಕ್ಕಾಲಾಗಿತ್ತು. ಮೌನೇಶಪ್ಪ ಕೈ ಎತ್ತಿದರು. “ಒಂದು ನಿಮಿಷ ತಡೀರಿ. ನೋಡ್ಕೊಂತೀನಿ.”

ಯಾರಿಗೂ ಕಾಣದ ಆ ಮುಖವನ್ನು ಅವರು ನೋಡಿದರು. ತಲೆ ಅತ್ತಿತ್ತ ಆಡಿಸಲಿಲ್ಲ. ಆಡಿಸಿದರೂ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಪೂರ್ತಿ ಒಂದು ನಿಮಿಷ ಕಳೆದಿರಬೇಕು.

“ಹಾಂ,” ಅಂದರು. “ತಗೀರಿ.”

ಪ್ರಫುಲ್ಲಾ ಕಾರಿಡಾರಿನಲ್ಲಿ ಓಡಿದಳು. ದೇಸಾಯಿಯವರು ಅವಳ ಕುರ್ಚಿಯಲ್ಲೇ ಕುಳಿತಿದ್ದರು, ಬೆರಳು ಎಂಟರಿನ ಮೇಲೆ ಇಟ್ಟುಕೊಂಡು. ಅವಳು ಅವರನ್ನು ಎಬ್ಬಿಸಿ ತಾನೇ ಒತ್ತಿದಳು. ಗಾಜಿನ ಆಚೆಯ ಕೋಣೆಗೆ ಮೌನೇಶಪ್ಪನವರನ್ನು ಕೈಹಿಡಿದು ಕರೆತಂದ ಕಾಳವ್ವ ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದರು, “ಕತ್ತಲಿ ಆತಂತ.”

ಮೊನೆಗಳು ತಣಿಯಲು ಇಪ್ಪತ್ತು ನಿಮಿಷ ಬೇಕೆಂದು ದೇಸಾಯಿ ಹೇಳಿದರು. ಇಪ್ಪತ್ತು ನಿಮಿಷ ಪ್ರಫುಲ್ಲಾ ತಾನು ಬರೆದದ್ದನ್ನೇ ಓದಿದಳು: ತೆರೆ, ಹಿಡಿ, ತೋರಿಸು, ಬಿಡು. ಕ್ಯಾಮೆರಾ ಸೆಕೆಂಡಿಗೆ ಹದಿನೈದು ಚಿತ್ರ ಕೊಡುತ್ತದೆ. ಹದಿನೈದನ್ನೂ ಹಿಡಿಯಬೇಕು, ಹದಿನೈದನ್ನೂ ಬಿಡಬೇಕು. ಒಂದನ್ನು ಬಿಡದಿದ್ದರೂ ಮತ್ತೆ ಇದೇ ಗತಿ. ಓದಿದಳು, ಸಾಲದೆಂದು ಬಾಯಿಬಿಟ್ಟು ಓದಿದಳು. ದೇಸಾಯಿಯವರೂ ಪಕ್ಕದಲ್ಲಿ ನಿಂತು, ಅರ್ಥವಾಗದಿದ್ದರೂ, ಕಿವಿಗೊಟ್ಟರು. ಶುಕ್ರವಾರಕ್ಕೆ ಇಟ್ಟಿದ್ದ ಕ್ಯಾಮೆರಾವನ್ನು ಈಗಲೇ ಹಚ್ಚೋಣವೇ ಎಂದು ಅವಳು ಕೇಳಿದಾಗ, “ಹಚ್ಚು. ಶುಕ್ರವಾರತನಕ ನನಗೂ ಕೂಡ್ರಾಕ ಆಗೂದಿಲ್ಲ,” ಎಂದರು.

ಕನ್ನಡಕದ ಚೌಕಟ್ಟಿನಲ್ಲಿ ಕೂರಿಸಿದ ಕ್ಯಾಮೆರಾವನ್ನು ಅವಳೇ ಹೋಗಿ ಮೌನೇಶಪ್ಪನವರ ಮೂಗಿನ ಮೇಲಿಟ್ಟಳು. ಎದುರು ಕುರ್ಚಿಯಲ್ಲಿ ಕಾಳವ್ವ. ದೇಸಾಯಿಯವರಿಗೆ ಗಾಜಿನ ಮೂಲಕ ಕೈ ಮಾಡಿದಳು. ಅವರು ‘ತೋರಿಸು’ ಒತ್ತಿದರು.

ಮೌನೇಶಪ್ಪ ತಲೆ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು.

“ಮಸಿ ಹತ್ತಿದಂಗೈತಿ,” ಅಂದರು ಕೊನೆಗೆ. “ನಡುವ ಒಂದು ಕರೀ ಕಲಿ. ಮ್ಯಾಲೊಂದು ಪಟ್ಟಿ. ಎಲ್ಲಿ ನೋಡಿದ್ರೂ ಅಲ್ಲೇ ಬರತೈತಿ.”

ಫ್ಲ್ಯಾಶು ಹೊಳೆದ ಹಣೆ, ಮೂಗುಬಟ್ಟು. ಎಲ್ಲಕ್ಕಿಂತ ಹೆಚ್ಚು ಉರಿದ ಜಾಗಗಳು. ಪ್ರಫುಲ್ಲಾ ಕೈಯಲ್ಲಿದ್ದ ಟ್ಯಾಬಿನಲ್ಲಿ ಬಂದ ಲೆಕ್ಕವನ್ನು ಓದಿದಳು.

“ನಲವತ್ಮೂರು ಮೊನಿ ಸತ್ತಾವ. ಅವು ಮತ್ತ ಬರೂದಿಲ್ಲ. ಅದು ನಾ ಮಾಡಿದ್ದು.”

“ಎಷ್ಟರಾಗ?”

“ನಾಲ್ಕು ಸಾವಿರದ ತೊಂಬತ್ತಾರರಾಗ.”

“ಅಷ್ಟ ಹಾಳಿ ಖರಾಬಾದ್ರ ನಮ್ಮ ಪ್ರೆಸ್ಸಿನ್ಯಾಗ ಯಾರೂ ತಿರುಗಿ ನೋಡ್ತಿದ್ದಿಲ್ಲ ಬಿಡ್ರಿ.”

“ಏನು ಬಿಡ್ರಿ?” ಕಾಳವ್ವ ಕುರ್ಚಿಯಿಂದ ಎದ್ದರು. ಎರಡು ದಿನದ್ದೋ ಹನ್ನೊಂದು ವರ್ಷದ್ದೋ, ಎಲ್ಲ ಒಮ್ಮೆಗೇ ಬಂತು. “ಇವು ಹಾಳಿ ಏನು, ಚೂರು ಮಾಡಿ ಮಾರಾಕ? ತಂಗೀ, ನೀವು ಕಲತವರು. ಒಂದು ಸಾಲು ಬರಿಯೂದು ಮರತ್ರಿ! ನಾ ಪಲ್ಲೇಕ ಉಪ್ಪು ಮರತ್ರ ಹಾಕ್ಕೊಂಡು ಉಣಬಹುದು. ಇದಕ್ಕೇನು ಹಾಕ್ಕೊಳ್ಳೋಣು? ಮಗಳಿಗೆ ಜ್ವರ ಇತ್ತಂತ ಗೊತ್ತೈತಿ, ನಂಗೂ ಮಕ್ಕಳದಾವು. ‘ಇವತ್ತು ಆಗೂದಿಲ್ಲ, ನಾಳೆ ತೋರಸ್ತೀನಿ’ ಅಂತ ಒಂದು ಮಾತು ಅಂದಿದ್ರ ನಾವೇನು ನಿಮ್ಮನ್ನ ಹಿಡದು ಹೊಡೀತಿದ್ವಿ?”

ಪ್ರಫುಲ್ಲಾ ತಲೆ ತಗ್ಗಿಸಿದಳು. ಒಂದೂ ಸುಳ್ಳಲ್ಲ. ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು.

ಆಗ ಕಾಳವ್ವ ಉಸಿರೆಳೆದುಕೊಳ್ಳಲು ನಿಂತರು. ಮೌನೇಶಪ್ಪ ಮೊಣಕಾಲಿನ ಮೇಲೆ ಕೈಯೂರಿ, ಕುತ್ತಿಗೆ ಮುಂದೆ ಚಾಚಿ, ಕಲೆಯ ಆಚೀಚೆಯಿಂದ ಇಣುಕುವವರಂತೆ ತಲೆಯನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತ ಹೆಂಡತಿಯ ಬಾಯಿಯನ್ನೇ ನೋಡುತ್ತಿದ್ದರು.

“ನಿಲ್ಲಸಬ್ಯಾಡ,” ಅಂದರು. “ಇನ್ನೊಂದೀಟು ಬೈ. ತಂಗೀ, ನೀವೂ ಎಲ್ಲೂ ಹೋಗಬ್ಯಾಡ್ರಿ, ಅಲ್ಲೇ ನಿಂದರ್ರಿ.”

ಪ್ರಫುಲ್ಲಾ ಅಲ್ಲೇ ನಿಂತಳು. ಕಾಳವ್ವ ಮೊದಲಿನಿಂದ ಶುರುಮಾಡಿದರು.